ಮನೆಯಲ್ಲೇ ಕಟ್ಟಿದ ವಿಮಾನಗಳು: ಕಾರ್ನ್‌ಮನಿಯಿಂದ ಬೆಂಗಳೂರಿಗೆ

ನಮ್ಮ ಆಡಮ್ಸ್‌ಟೌನಿನ ಪಕ್ಕದಲ್ಲೇ ವೆಸ್ಟನ್ ವಿಮಾನ ನಿಲ್ದಾಣವಿದೆ. ಅಲ್ಲಿಂದ ಏಳುವ ಪುಟ್ಟ ವಿಮಾನಗಳನ್ನು ಕಂಡಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಎಂಜಿನ್ ಎಷ್ಟು ದೊಡ್ಡದು ಎಂಬುದು. ಈ ದ್ವೀಪದಲ್ಲಿ ಸ್ವಂತ ಕೈಯಿಂದ ವಿಮಾನ ಕಟ್ಟಿದವರ ಚರಿತ್ರೆ ಓದಿದ ಮೇಲೆ, ಅದು ಎರಡನೆಯ ಪ್ರಶ್ನೆಯಾಗಬೇಕೆಂದು ನನಗೆ ಅನಿಸಿದೆ. ಮೊದಲು ಕೇಳಬೇಕಾದದ್ದು: ಅದು ಚಾಲಕನ ಮಾತು ಕೇಳುತ್ತದೆಯೇ?

ಐರ್ಲೆಂಡಿನಲ್ಲಿ ಎಂಜಿನ್ ಬಲದಿಂದ ಮೊದಲು ಹಾರಿದವರು ಹ್ಯಾರಿ ಫರ್ಗುಸನ್. 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ, ಬಿರುಸಾದ ಗಾಳಿಯಲ್ಲಿ, ತಾವೇ ಕಟ್ಟಿದ ಒಂಟಿ ರೆಕ್ಕೆಯ ವಿಮಾನದಲ್ಲಿ ಸುಮಾರು 130 ಗಜ ಹಾರಿದರು. ಎಂಜಿನ್ 35 ಅಶ್ವಶಕ್ತಿಯದು. ಟ್ರ್ಯಾಕ್ಟರಿನಿಂದ ನಮ್ಮೂರುಗಳಿಗೂ ಗೊತ್ತಾದ ಫರ್ಗುಸನ್ ಇವರೇ.

ನನಗೆ ಹೆಚ್ಚು ಇಷ್ಟವಾಗುವುದು ಲಿಲಿಯನ್ ಬ್ಲಾಂಡ್ ಅವರ ದಾರಿ. ಬೆಲ್‌ಫಾಸ್ಟ್ ಬಳಿಯ ಕಾರ್ನ್‌ಮನಿಯಲ್ಲಿದ್ದ ಈ ಪತ್ರಕರ್ತೆ ಎಂಜಿನ್ ಕೊಳ್ಳುವ ಮೊದಲು ಜೋಡಿ ರೆಕ್ಕೆಯ ಗ್ಲೈಡರ್ ಕಟ್ಟಿದರು. ಮರ, ಬಿದಿರು, ಬಟ್ಟೆ. ಹಿಡಿಕೆಗೆ ಸೈಕಲ್ಲಿನ ಹ್ಯಾಂಡಲ್. ಹೆಸರು ಮೇಫ್ಲೈ, ಅಂದರೆ ಹಾರಿದರೆ ಹಾರೀತು ಎಂಬ ತಮಾಷೆ. ಗುಡ್ಡದ ಮೇಲೆ ನಾಲ್ವರು ಆಜಾನುಬಾಹು ಪೊಲೀಸರನ್ನೂ ತೋಟದ ಹುಡುಗ ಜೋ ಬ್ಲೇನನ್ನೂ ಅದಕ್ಕೆ ಜೋತುಬೀಳಿಸಿ ಗಾಳಿಗೆ ಒಡ್ಡಿದರು. ಅಷ್ಟು ಭಾರವನ್ನು ರೆಕ್ಕೆ ಎತ್ತಿದರೆ ಎಂಜಿನ್ನನ್ನೂ ಎತ್ತಬಲ್ಲದು ಎಂಬುದು ಅವರ ಲೆಕ್ಕ. ಎತ್ತಿತು, ಗಾಬರಿಯಾದ ಪೊಲೀಸರು ಕೈಬಿಟ್ಟರು!

ಆಮೇಲೆ ಎ.ವಿ. ರೋ ಅವರಿಂದ 20 ಅಶ್ವಶಕ್ತಿಯ ಎಂಜಿನ್ ತರಿಸಿದರು. ಪೆಟ್ರೋಲ್ ಟ್ಯಾಂಕ್ ಬರುವುದು ತಡವಾದಾಗ ವಿಸ್ಕಿ ಬಾಟಲಿಯಿಂದ, ಚಿಕ್ಕಮ್ಮನ ಕಿವಿಗೆ ಇಟ್ಟುಕೊಳ್ಳುವ ಕೊಳವೆಯ ಮೂಲಕ ಪೆಟ್ರೋಲ್ ಸುರಿದು ಎಂಜಿನ್ ಓಡಿಸಿ ನೋಡಿದರು. ಅದುರಾಟಕ್ಕೆ ನಟ್ಟುಗಳು ಸಡಿಲವಾಗುತ್ತಿದ್ದವು. 1910ರ ಬೇಸಿಗೆಯ ಕೊನೆಯಲ್ಲಿ ರ್‍ಯಾಂಡಲ್ಸ್‌ಟೌನಿನ ಲಾರ್ಡ್ ಓ'ನೀಲ್ ಅವರ ಬಯಲಿನಲ್ಲಿ ಮೇಫ್ಲೈ ಹಾರಿತು.

ಇದು ಆಟವಾಗಿರಲಿಲ್ಲ. ಅದೇ ಜುಲೈಯಲ್ಲಿ ಬೋರ್ನ್‌ಮತ್‌ನಲ್ಲಿ ಚಾರ್ಲ್ಸ್ ರೋಲ್ಸ್ ಸತ್ತದ್ದು ಎಂಜಿನ್ ಕೈಕೊಟ್ಟಿದ್ದರಿಂದಲ್ಲ. ವಿಮಾನದ ಬಾಲ ಮುರಿದಿದ್ದರಿಂದ. ಮೇಫ್ಲೈನ ಹಗುರ ಚೌಕಟ್ಟು ಇನ್ನೂ ಬಲವಾದ ಎಂಜಿನ್ ತಾಳದು ಎಂಬುದು ಬ್ಲಾಂಡ್ ಅವರಿಗೂ ತಿಳಿದಿತ್ತು. ಕಾರು ಕೊಡಿಸುತ್ತೇನೆಂದು ತಂದೆ ಹೇಳಿದಾಗ ಹಾರಾಟ ಬಿಟ್ಟರು. ಹೇಡಿತನವೆಂದು ನಾನು ಹೇಳಲಾರೆ.

ಇದೇ ಕಥೆಯ ಮುಂದಿನ ಅಧ್ಯಾಯ ನಮ್ಮ ಬೆಂಗಳೂರಿನಲ್ಲೂ ಇದೆ. ಅಮೆರಿಕದ ಬರ್ಟ್ ರೂಟನ್ ಮನೆಯಲ್ಲೇ ಕಟ್ಟುವವರಿಗಾಗಿ ರೂಪಿಸಿದ್ದ ಲಾಂಗ್-ಇಝಡ್ ವಿನ್ಯಾಸವನ್ನು ಆಧರಿಸಿ ಎನ್‌ಎಎಲ್ ಒಂದು ಸಂಶೋಧನಾ ವಿಮಾನ ಕಟ್ಟಿತು. ಅದು 1987ರಲ್ಲಿ ಹಾರಿತು. ಎಂಜಿನ್ ಹಿಂದೆ, ಪುಟ್ಟ ರೆಕ್ಕೆ ಮುಂದೆ. ವೇಗ ತೀರಾ ಇಳಿದಾಗ ಮುಂದಿನ ರೆಕ್ಕೆ ಮೊದಲು ಸೋಲುತ್ತದೆ, ಮೂತಿ ತಾನಾಗಿ ತಗ್ಗಿ ವೇಗ ಮರಳುತ್ತದೆ, ದೊಡ್ಡ ರೆಕ್ಕೆಯ ಬಲ ಉಳಿಯುತ್ತದೆ. ಚಾಲಕನ ತಪ್ಪನ್ನು ವಿನ್ಯಾಸವೇ ಅಷ್ಟರಮಟ್ಟಿಗೆ ಸಹಿಸಿಕೊಳ್ಳುತ್ತದೆ.

ಹಾಗೆಂದು ಅಶ್ವಶಕ್ತಿ ಬೇಡವೆಂದಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಸುಮಾರು 8 ಶೇಕಡಾ ತೆಳು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ರೆಕ್ಕೆಗೆ ಆಧಾರ ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ, ಸಾಮಾನ್ಯ ಎಂಜಿನ್ನಿಗೆ ಉಸಿರೂ ಕಡಿಮೆ. ವೆಸ್ಟನ್‌ನಲ್ಲಿ ಸಲೀಸಾಗಿ ಏಳುವ ವಿಮಾನ ಜಕ್ಕೂರಿನಲ್ಲಿ ಇನ್ನಷ್ಟು ಉದ್ದ ಓಡಬೇಕು. ಎನ್‌ಎಎಲ್‌ನ ಹಂಸ-3ರಲ್ಲಿರುವ ರೋಟ್ಯಾಕ್ಸ್ 914 ಟರ್ಬೊ ಎಂಜಿನ್ ತೆಳುಗಾಳಿಯನ್ನು ಒತ್ತಿ ಒಳಗೆ ಸೆಳೆದುಕೊಳ್ಳುತ್ತದೆ. ಅದರ ಬಲ ಸುಮಾರು 115 ಅಶ್ವಶಕ್ತಿ, ಮೇಫ್ಲೈನದಕ್ಕಿಂತ ಐದು ಪಟ್ಟಿಗೂ ಹೆಚ್ಚು.