ಒಂದು ಪಂಪ್ ಸಾಕಾ?

ಆಗುಂಬೆ ಘಾಟಿ. ಏಪ್ರಿಲ್ ತಿಂಗಳ ಬಿಸಿಲು. ನನಗಾಗ ಎಂಟೋ ಒಂಬತ್ತೋ ವರ್ಷ. ಮಾವನ ಹಳೇ ಕಾರು ಅರ್ಧ ಏರು ಹತ್ತಿ ನಿಂತುಬಿಟ್ಟಿತು. ಮಾವ ಗಾಬರಿಯಾಗಲಿಲ್ಲ. ಡಿಕ್ಕಿಯಿಂದ ನೀರಿನ ಕ್ಯಾನ್ ತಂದರು, ಬಾನೆಟ್ ಎತ್ತಿದರು, ಹೆಗಲ ಮೇಲಿದ್ದ ಟವೆಲ್ ನೆನೆಸಿ ಎಂಜಿನ್ನಿಗೆ ಅಂಟಿಕೊಂಡಿದ್ದ ಒಂದು ಪುಟ್ಟ ಡಬ್ಬಿಗೆ ಸುತ್ತಿದರು. ಹತ್ತು ನಿಮಿಷದಲ್ಲಿ ಕಾರು ಹೊರಟಿತು.

"ಏನ್ ಮಾಡಿದ್ರಿ ಮಾವ?"

"ಪಂಪಿಗೆ ತಲೆ ಬಿಸಿಯಾಗಿತ್ತು ಕಣೋ. ತಣ್ಣಗೆ ಮಾಡ್ದೆ."

ಅದಕ್ಕೆ ವೇಪರ್ ಲಾಕ್ ಅಂತಾರೆ ಅನ್ನೋದು ಎಂಜಿನಿಯರಿಂಗ್ ಓದುವಾಗ ಗೊತ್ತಾಯ್ತು. ಪಂಪ್ ಪೆಟ್ರೋಲನ್ನು ಹೀರುವಾಗ ಪೈಪಿನೊಳಗೆ ಒತ್ತಡ ಇಳಿಯುತ್ತದೆ. ಅದರ ಮೇಲೆ ಎಂಜಿನ್ನಿನ ಬಿಸಿಯೂ ಸೇರಿದರೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ. ದ್ರವವನ್ನು ತಳ್ಳಬೇಕಾದ ಪಂಪ್ ಆವಿಯ ಎದುರು ಸೋಲುತ್ತದೆ. ಘಾಟಿಯಲ್ಲಾದರೆ ಒದ್ದೆ ಟವೆಲ್ ಇದೆ. ಐದು ಸಾವಿರ ಅಡಿ ಎತ್ತರದಲ್ಲಿ ಹೀಗಾದ್ರೆ?

ಇವತ್ತಿನ ಮಾತು ಅದರ ಬಗ್ಗೆಯೇ. ಮನೆಯ ಶೆಡ್ಡಿನಲ್ಲಿ ಸ್ವಂತ ಕೈಯಿಂದ ವಿಮಾನ ಕಟ್ಟಿ ಹಾರಿಸುವವರು ಜಗತ್ತಿನಲ್ಲಿ ಸಾವಿರಾರು ಜನ ಇದ್ದಾರೆ. ಅಮೆರಿಕದಲ್ಲಿ ಇಂಥವರಿಗಾಗಿಯೇ 1953ರಲ್ಲಿ ಪಾಲ್ ಪೊಬೆರೆಜ್ನಿ ಅನ್ನುವವರು ಇಎಎ ಎಂಬ ಸಂಘ ಕಟ್ಟಿದರು. ಈ ಜನ ರೆಕ್ಕೆಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೋ, ಅಂಗೈಯಗಲದ ಒಂದು ಪಂಪಿಗೂ ಅಷ್ಟೇ ತಲೆ ಕೆಡಿಸಿಕೊಳ್ಳಬೇಕು. ಯಾಕೆ?

ಮೊದಲ ವಿಮಾನಕ್ಕೆ ಪಂಪೇ ಇರಲಿಲ್ಲ. 1903ರ ಡಿಸೆಂಬರ್ 17ರಂದು ರೈಟ್ ಸಹೋದರರ ವಿಮಾನ 12 ಸೆಕೆಂಡ್ ಹಾರಿತಲ್ಲ, ಅದರ ಪೆಟ್ರೋಲ್ ಡಬ್ಬಿ ಮೇಲಿನ ರೆಕ್ಕೆಯ ಹತ್ತಿರ ಇತ್ತು. ಪೆಟ್ರೋಲ್ ತಾನಾಗಿಯೇ ಕೆಳಗಿದ್ದ ಎಂಜಿನ್ನಿಗೆ ಇಳಿಯುತ್ತಿತ್ತು. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕಿನ ಹಾಗೆ! ಗುರುತ್ವಾಕರ್ಷಣೆ ಕೆಟ್ಟು ನಿಲ್ಲುವುದಿಲ್ಲ, ಅದಕ್ಕೆ ರಿಪೇರಿಯೂ ಬೇಕಿಲ್ಲ. ರೆಕ್ಕೆ ಮೇಲಿರುವ ಎಷ್ಟೋ ಸಣ್ಣ ವಿಮಾನಗಳು ಇವತ್ತಿಗೂ ಹೀಗೇ ಹಾರುತ್ತವೆ. ಆದರೆ ರೆಕ್ಕೆ ಕೆಳಗೆ ಬಂತು, ಅದರೊಳಗಿನ ಟ್ಯಾಂಕೂ ಕೆಳಗೆ ಬಂತು. ಎಂಜಿನ್ ಮೇಲೆಯೇ ಉಳಿಯಿತು. ಆಗ ಪಂಪ್ ಅನಿವಾರ್ಯವಾಯ್ತು.

ಆ ಪಂಪನ್ನು ತಿರುಗಿಸೋದು ಯಾರು? ಎಂಜಿನ್ನೇ. ಎಂಜಿನ್ ತಿರುಗಿದರೆ ಒಂದು ಸಣ್ಣ ಕಡ್ಡಿ ಪಂಪಿನೊಳಗಿನ ಡಯಾಫ್ರಮ್ ಪೊರೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಬ್ಯಾಟರಿ ಸತ್ತರೂ ಪಂಪ್ ಓಡುತ್ತದೆ. ಅದು ಇದರ ದೊಡ್ಡಸ್ತಿಕೆ. ಆದರೆ ಆ ಪೊರೆ ಹರಿದರೆ?

ವಿಮಾನ ಕಟ್ಟುವವನ ಆಯ್ಕೆ ಶುರುವಾಗೋದು ಇಲ್ಲಿಂದ. ಮೊದಲನೆಯದು ಒತ್ತಡ. ಲೈಕಮಿಂಗ್ ಕಂಪನಿಯ ಕಾರ್ಬ್ಯುರೇಟರ್ ಎಂಜಿನ್ನಿಗೆ ಸಾಮಾನ್ಯವಾಗಿ ಅರ್ಧದಿಂದ ಎಂಟು ಪಿಎಸ್‌ಐ ಸಾಕು. ಇಂಜೆಕ್ಷನ್ ಎಂಜಿನ್ನಿಗೆ ಅದರ ಹಲವು ಪಟ್ಟು ಬೇಕು. ಇದರ ಪಂಪ್ ಅದಕ್ಕೆ ಹಾಕಿದರೆ ಕಾರ್ಬ್ಯುರೇಟರ್ ಉಕ್ಕಿ ಹರಿಯುತ್ತದೆ, ಅದರದ್ದು ಇದಕ್ಕೆ ಹಾಕಿದರೆ ಎಂಜಿನ್ ಉಪವಾಸ ಬೀಳುತ್ತದೆ. ಎರಡನೆಯದು ಹರಿವು. ಸಣ್ಣ ವಿಮಾನಗಳಿಗೆ ಅಮೆರಿಕ ಮಾಡಿದ್ದ ನಿಯಮ ಹೇಳುತ್ತಿತ್ತು: ಪಂಪ್ ಇದ್ದರೆ ಟೇಕಾಫ್‌ಗೆ ಬೇಕಾದದ್ದರ 125 ಶೇಕಡಾ ಹರಿಯಬೇಕು, ಗುರುತ್ವಾಕರ್ಷಣೆಯಾದರೆ 150. ಮೂರನೆಯದು ಸೋರಿಕೆಯ ದಾರಿ. ಪೊರೆ ಹರಿದಾಗ ಚೆಲ್ಲುವ ಪೆಟ್ರೋಲ್ ಬಿಸಿ ಸೈಲೆನ್ಸರ್ ಮೇಲೆ ಬೀಳದೆ, ಸಣ್ಣ ನಳಿಕೆಯಲ್ಲಿ ಹೊರಗೆ ಹೋಗಬೇಕು. ನಾಲ್ಕನೆಯದೇ ಮುಖ್ಯ: ಎರಡನೇ ಪಂಪ್. ಅದು ಕರೆಂಟಿನದ್ದಾಗಿರಬೇಕು, ಟ್ಯಾಂಕಿನ ಹತ್ತಿರ ಇರಬೇಕು. ಯಾಕಂದ್ರೆ ಹತ್ತಿರದಿಂದ ತಳ್ಳಿದರೆ ಗುಳ್ಳೆ ಏಳುವುದು ಕಡಿಮೆ. ಎರಡೂ ಪಂಪ್ ಒಂದೇ ಕಾರಣಕ್ಕೆ ಒಟ್ಟಿಗೆ ಸಾಯಬಾರದು. ಇಷ್ಟೇ ಸೂತ್ರ.

ಬರ್ಟ್ ರುಟಾನ್ ಅನ್ನುವ ಅಮೆರಿಕದ ಎಂಜಿನಿಯರ್ 1979ರಲ್ಲಿ ಲಾಂಗ್-ಈಝಿ ಹಾರಿಸಿದಾಗ ಅದರಲ್ಲಿ ಇದೇ ಸೂತ್ರ ಇತ್ತು. ಫೋಮ್ ಕೊರೆದು ಫೈಬರ್‌ಗ್ಲಾಸ್ ಹೊದಿಸಿ ಯಾರು ಬೇಕಾದರೂ ಮನೆಯಲ್ಲಿ ಕಟ್ಟಬಹುದಾದ ವಿಮಾನ ಅದು. ಎಂಜಿನ್ ಹಿಂದೆ. ಎಂಜಿನ್ನಿಂದ ಓಡುವ ಪಂಪ್ ಒಂದು, ಕರೆಂಟಿನ ಪಂಪ್ ಇನ್ನೊಂದು. ನಮ್ಮ ಬೆಂಗಳೂರಿನ ಎನ್‌ಎಎಲ್ ವಿಜ್ಞಾನಿಗಳು 1980ರ ದಶಕದಲ್ಲಿ ಇದೇ ವಿನ್ಯಾಸ ಹಿಡಿದು ಸಂಶೋಧನೆಗೆ ಅಂತ ಒಂದು ಹಗುರ ವಿಮಾನ ಕಟ್ಟಿದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಅದೇ ರುಟಾನ್ ಆಮೇಲೆ ವಾಯೇಜರ್ ವಿನ್ಯಾಸ ಮಾಡಿದರು. ಮೊಹಾವಿ ಮರುಭೂಮಿಯ ಶೆಡ್ಡಿನಲ್ಲಿ ಸ್ವಯಂಸೇವಕರೇ ಸೇರಿ ಕಟ್ಟಿದ ವಿಮಾನ. 1986ರ ಡಿಸೆಂಬರ್ 14ರಂದು ಬರ್ಟ್ ಅವರ ಅಣ್ಣ ಡಿಕ್ ರುಟಾನ್ ಮತ್ತು ಜೀನಾ ಯೇಗರ್ ಎಲ್ಲೂ ಇಳಿಯದೆ, ಎಲ್ಲೂ ಇಂಧನ ತುಂಬಿಸದೆ ಭೂಮಿ ಸುತ್ತಲು ಹೊರಟರು. 17 ಟ್ಯಾಂಕ್, ಸುಮಾರು 3,180 ಕಿಲೋ ಇಂಧನ.

ಮನೆ ಇನ್ನೇನು ಬಂತು ಅನ್ನುವ ಕೊನೆಯ ರಾತ್ರಿ, ಒಂದು ಬದಿಯ ಟ್ಯಾಂಕುಗಳಿಂದ ಇಂಧನ ತರುವ ಪಂಪ್ ಕೈಕೊಟ್ಟಿತು. ಓಡುತ್ತಿದ್ದ ಹಿಂದಿನ ಎಂಜಿನ್ ಹಸಿವಿನಿಂದ ನಿಂತೇ ಹೋಯ್ತು. ಸ್ವಲ್ಪ ಊಹಿಸಿಕೊಳ್ಳಿ. ಕೆಳಗೆ ಕತ್ತಲು, ಪೆಸಿಫಿಕ್ ಸಾಗರ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಎಂಜಿನ್ನಿಗೆ ಸಿಗುತ್ತಿಲ್ಲ. ವಿಮಾನ ಸದ್ದಿಲ್ಲದೆ ಜಾರುತ್ತಾ ಎತ್ತರ ಕಳೆದುಕೊಳ್ಳುತ್ತಿದೆ. ಕೊನೆಗೆ, ಉಳಿತಾಯಕ್ಕಾಗಿ ಆರಿಸಿಟ್ಟಿದ್ದ ಮುಂದಿನ ಎಂಜಿನ್ ಹೊತ್ತಿಕೊಂಡಿತು. ಇನ್ನೊಂದು ಬದಿಯ ಪಂಪ್ ಬಿಚ್ಚಿ ಕೆಟ್ಟದ್ದರ ಜಾಗಕ್ಕೆ ಹಾಕಿಕೊಂಡರು. ಡಿಸೆಂಬರ್ 23ರ ಬೆಳಗ್ಗೆ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಇಳಿದಾಗ ಉಳಿದಿದ್ದ ಇಂಧನ ಬರೀ 48 ಕಿಲೋ.

ಇತಿಹಾಸ ಅವರ ಸಾಹಸವನ್ನು ನೆನಪಿಟ್ಟುಕೊಂಡಿದೆ. ಸರಿಯೇ. ನನಗೆ ನೆನಪಾಗೋದು ಆ ಇನ್ನೊಂದು ಪಂಪ್, ಆ ಇನ್ನೊಂದು ಎಂಜಿನ್. ಆ ರಾತ್ರಿಯ ಉತ್ತರ ವರ್ಷಗಳ ಹಿಂದೆಯೇ ಶೆಡ್ಡಿನಲ್ಲಿ ಸಿದ್ಧವಾಗಿತ್ತು. ಆಕಾಶದಲ್ಲಿ ಹೊಸದಾಗಿ ಆಯ್ಕೆ ಮಾಡಲು ಸಮಯ ಇರೋದಿಲ್ಲ, ನೆಲದ ಮೇಲೆ ಮಾಡಿದ ಆಯ್ಕೆಯೇ ಅಲ್ಲಿ ಕೈ ಹಿಡಿಯಬೇಕು. ಒಂದು ಪಂಪ್ ಸಾಕು, ತೂಕ ಉಳಿಯುತ್ತೆ, ದುಡ್ಡು ಉಳಿಯುತ್ತೆ ಅಂತ ಲೆಕ್ಕ ಹಾಕುವವರು ಅದು ಕೆಟ್ಟ ದಿನದ ಲೆಕ್ಕವನ್ನೂ ಹಾಕಬೇಕು.

ನಮ್ಮ ಮಾವ ಎಂಜಿನಿಯರಿಂಗ್ ಓದಿದವರಲ್ಲ. ಆದರೆ ಘಾಟಿ ಹತ್ತುವ ಪ್ರತಿ ಸಲವೂ ಅವರ ಡಿಕ್ಕಿಯಲ್ಲಿ ನೀರಿನ ಕ್ಯಾನ್ ತುಂಬಿರುತ್ತಿತ್ತು.