ಇಂಚು, ಎಂಎಂ, ಮಿಲ್: ಬೆರೆತ ಅಳತೆಗಳ ಚರಿತ್ರೆ

ತಿರುಪ್ಪೂರಿನ ಒಂದು ಬನಿಯನ್ ಬಟ್ಟೆಯ ಹಿಂದೆ ಎಷ್ಟು ಬಗೆಯ ಅಳತೆಗಳಿವೆ ಎಂದು ನಾವು ಎಣಿಸಿ ನೋಡಿದ್ದೇವೆಯೇ? 840 ಗಜದ ಎಷ್ಟು ಲಡಿ ನೂಲು ಸೇರಿದರೆ ಒಂದು ಪೌಂಡ್ ತೂಗುತ್ತದೆಯೋ ಅದು ನೂಲಿನ ಕೌಂಟ್. ಹೆಣಿಗೆ ಯಂತ್ರದ ವ್ಯಾಸ ಇಂಚಿನಲ್ಲಿ. ಗೇಜ್ ಎಂದರೆ ಇಂಚಿಗೆ ಎಷ್ಟು ಸೂಜಿ ಎಂಬ ಲೆಕ್ಕ. ಕುಣಿಕೆಯ ಉದ್ದ ಮಾತ್ರ ಮಿಲಿಮೀಟರಿನಲ್ಲಿ. ಬಟ್ಟೆ ಸಿದ್ಧವಾದ ಮೇಲೆ ಚದರ ಮೀಟರಿಗೆ ಇಷ್ಟು ಗ್ರಾಂ!

ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಅವರು ಕೊಯಮತ್ತೂರಿನಲ್ಲಿ ನೂಲಿನ ಗಿರಣಿ ಆರಂಭಿಸಿದ ಕಾಲದಲ್ಲಿ ನೂಲಿನ ಉದ್ಯಮದ ಭಾಷೆಯೇ ಗಜ, ಪೌಂಡು, ಇಂಚು. 1956ರಲ್ಲಿ ಮೆಟ್ರಿಕ್ ಕಾಯಿದೆ ಬಂತು. (ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ.) 1957ರಲ್ಲಿ ಆಣೆ ಹೋಗಿ ನಯಾ ಪೈಸೆ, 1958ರಿಂದ ಕಿಲೋ ತೂಕ. ಅಂಗಡಿಯ ತೂಕದ ಕಲ್ಲು ಬದಲಾಯಿಸುವುದು ಸುಲಭ. ಇಂಚಿನ ಲೆಕ್ಕದಲ್ಲಿ ಮರೆ ಕೊರೆದ ಬೋಲ್ಟಿಗೆ ಎಂಎಂ ನಟ್ಟು ಕೂರುವುದಿಲ್ಲವಲ್ಲ! ಹಾಗಾಗಿ ಯಂತ್ರಗಳಲ್ಲಿ ಹಳೆಯ ಅಳತೆ ಉಳಿಯಿತು.

ಈಗ ಆ ಯಂತ್ರಗಳನ್ನು ನಡೆಸುವ ಸರ್ಕ್ಯೂಟ್ ಬೋರ್ಡಿಗೆ ಬರೋಣ. ಅಲ್ಲಿಯೂ ಇದೇ ಕಥೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಎರಡು ಸಾಲು ಕಾಲಿನ ಐಸಿಗಳಲ್ಲಿ ಕಾಲಿನಿಂದ ಕಾಲಿಗೆ ಇಂಚಿನ ಹತ್ತನೇ ಒಂದು ಭಾಗ ದೂರ. 1959ರ ಒಪ್ಪಂದದಂತೆ ಇಂಚು ಎಂದರೆ ಸರಿಯಾಗಿ 25.4 ಎಂಎಂ. ಆದ್ದರಿಂದ ಆ ದೂರ 2.54 ಎಂಎಂ. ಸೋವಿಯತ್ ಒಕ್ಕೂಟದವರು ಮೆಟ್ರಿಕ್ ಪಾಲಿಸಿ ತಮ್ಮ ಐಸಿಗಳಿಗೆ 2.5 ಎಂಎಂ ಇಟ್ಟರು. 0.04 ಎಂಎಂ ವ್ಯತ್ಯಾಸ ಏನು ಮಹಾ ಎನ್ನಬಹುದು. 40 ಕಾಲಿನ ಐಸಿಯಲ್ಲಿ ಒಂದು ಬದಿಗೆ 20 ಕಾಲು, ನಡುವೆ 19 ಅಂತರ. 19 × 0.04 = 0.76 ಎಂಎಂ. ಮೊದಲ ಕಾಲು ತೂತಿಗೆ ಇಳಿದರೆ ಕೊನೆಯದು ಇಳಿಯುವುದಿಲ್ಲ.

ಬೋರ್ಡ್ ವಿನ್ಯಾಸದ ತಂತ್ರಾಂಶಗಳಿಗೂ ಈ ತಲೆನೋವು ಇತ್ತು. 1992ರಲ್ಲಿ ಫ್ರಾನ್ಸಿನ ಜಾನ್-ಪಿಯರ್ ಷಾರಾ ಆರಂಭಿಸಿದ ಉಚಿತ ತಂತ್ರಾಂಶ ಕೀಕ್ಯಾಡ್ ಮೊದಲು ಎಲ್ಲವನ್ನೂ ಇಂಚಿನ ಹತ್ತು ಸಾವಿರದ ಒಂದು ಭಾಗದಲ್ಲಿ ಎಣಿಸುತ್ತಿತ್ತು. ಆ ಲೆಕ್ಕದಲ್ಲಿ 0.5 ಎಂಎಂ ಎಂದರೆ 196.85. ಪೂರ್ಣ ಸಂಖ್ಯೆ ಬೇಕಾದ್ದರಿಂದ ಅದು 197 ಆಗುತ್ತಿತ್ತು. ಮುಂದೆ ಒಳಗಿನ ಲೆಕ್ಕವನ್ನು ನ್ಯಾನೋಮೀಟರಿಗೆ ಬದಲಿಸಿದರು. ಒಂದು ಎಂಎಂ 10,00,000 ನ್ಯಾನೋಮೀಟರ್, ಒಂದು ಇಂಚು 2,54,00,000. ಎರಡೂ ಪೂರ್ಣ ಸಂಖ್ಯೆಗಳೇ! ನಮ್ಮ ಐದನೇ ತರಗತಿಯ ಸಾಮಾನ್ಯ ಛೇದದ ಪಾಠ ಇದಲ್ಲದೆ ಮತ್ತೇನು?

ತಂತ್ರಾಂಶ ಸರಿಹೋದರೂ ಮನುಷ್ಯರ ಬಾಯಿ ಸರಿಹೋಗಬೇಕಲ್ಲ. ಇಂಚಿನ ಸಾವಿರದ ಒಂದು ಭಾಗಕ್ಕೆ ‘ಮಿಲ್’ ಎಂದು ಹೆಸರು. ಅದನ್ನು ಮಿಲಿಮೀಟರ್ ಎಂದು ತಿಳಿದರೆ ಸುಮಾರು 40 ಪಟ್ಟು ವ್ಯತ್ಯಾಸ. ಚಿಕ್ಕ ರೆಸಿಸ್ಟರುಗಳದು ಇನ್ನೊಂದು ಗೋಜಲು: ಇಂಚಿನ ಲೆಕ್ಕದ 0603 ಸುಮಾರು 1.6 ಎಂಎಂ ಉದ್ದ, ಮೆಟ್ರಿಕ್ ಲೆಕ್ಕದ 0603 ಬರೀ 0.6 ಎಂಎಂ. ಒಂದೇ ಅಂಕಿ, ಎರಡು ವಸ್ತು. 1999ರಲ್ಲಿ ನಾಸಾದ ಮಂಗಳ ನೌಕೆಯೊಂದು ನಾಶವಾದದ್ದೂ ಒಂದು ಕಡೆ ಪೌಂಡಿನ, ಇನ್ನೊಂದು ಕಡೆ ನ್ಯೂಟನ್ನಿನ ಲೆಕ್ಕ ಹಿಡಿದದ್ದರಿಂದ.

ನಮ್ಮ ಗಡಿಭಾಗದ ಕನ್ನಡ ಶಾಲೆಗಳ ಮಕ್ಕಳು ಪುಸ್ತಕದಲ್ಲಿ ಕಲಿಯುವುದು ಸೆಂಟಿಮೀಟರ್. ಕೊಯಮತ್ತೂರು, ತಿರುಪ್ಪೂರಿಗೆ ಕೆಲಸಕ್ಕೆ ಹೋದರೆ ಮೊದಲ ದಿನವೇ ಕಿವಿಗೆ ಬೀಳುವುದು ಇಂಚು, ಎಚ್‌ಪಿ, ಕೌಂಟ್. ಭಾಷೆಯೂ ಹೊಸದು, ಅಳತೆಯೂ ಹೊಸದು. ಮೆಟ್ರಿಕ್ ಒಂದೇ ಸಾಕು ಎಂಬ ಪಠ್ಯದ ಧೋರಣೆಯನ್ನು ನಾವು ಒಪ್ಪುವುದಿಲ್ಲ. ಅಡಿಪಟ್ಟಿಯ ಇನ್ನೊಂದು ಅಂಚಿನಲ್ಲಿ ಇಂಚು ಇದ್ದೇ ಇದೆ, ಅದನ್ನೂ ಓದಿಸೋಣ. ಉತ್ತರದ ಮುಂದೆ ಮಾನ ಬರೆಯದಿದ್ದರೆ ಅಂಕ ಕಳೆಯೋಣ.

ಬೋರ್ಡ್ ವಿನ್ಯಾಸ ಕಲಿಯುತ್ತಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು: ಬೋರ್ಡ್ ಮಾಡಲು ಕೊಡುವ ಮೊದಲು ಚಿತ್ರವನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಐಸಿಯನ್ನು ಅದರ ಮೇಲಿಟ್ಟು ನೋಡಿ. ಪುಟಕ್ಕೆ ತಕ್ಕಂತೆ ಕುಗ್ಗಿಸುವ ಆಯ್ಕೆಯನ್ನು ಪ್ರಿಂಟರಿನಲ್ಲಿ ಮೊದಲೇ ತೆಗೆದಿರಬೇಕು.