ಕಡತದಿಂದ ಗಣಕಕ್ಕೆ: ಭೂದಾಖಲೆಯ ಆಧಾರ ಬದಲಾದ ಬಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಜಿಲ್ಲೆ ಬೇರೆಯಾದರೂ ರೈತನ ಹೊಲ ಬೇರೆಯಾಗಲಿಲ್ಲ. ಆ ಹೊಲದ ಸರ್ವೆ ನಂಬರಿನ ಮುಂದೆ ಯಾರ ಹೆಸರಿದೆಯೆಂಬುದರ ಮೇಲೆಯೇ ಸಾಲ, ಕ್ರಯ, ಪಾಲುಪಾರೀಕತ್ತು ಎಲ್ಲವೂ ನಿಂತಿವೆ. ಬರಹವು ಹಾಗೆಯೇ ಇದ್ದು, ಅದನ್ನು ಹೊತ್ತ ಆಧಾರವು ಮಾತ್ರ ಬದಲಾಗುವಾಗ ಉಳಿಯುವುದೇನು, ಕೆಡುವುದೇನು ಎಂಬುದನ್ನು ಇಲ್ಲಿ ವಿವೇಚಿಸಲು ಯತ್ನಿಸಿದ್ದೇವೆ.

ಹಳೆಯ ಮೈಸೂರು ಸೀಮೆಯ ಶಾನುಭೋಗರು ಲೆಕ್ಕವನ್ನು ಬರೆಯುತ್ತಿದ್ದುದು ಕಡತದಲ್ಲಿ. ಉದ್ದನೆಯ ಹತ್ತಿಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪದ್ಧತಿಯದು. 1810ರಲ್ಲಿ ಮೊದಲ ಸಂಪುಟ ಪ್ರಕಟವಾದ ತನ್ನ ಮೈಸೂರು ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ. ಕಡತವು ಬಹುಕಾಲ ಬಾಳುತ್ತಿತ್ತು. ಆದರೆ ಅದರ ಬರಹವನ್ನು ಅಳಿಸಿ ಮತ್ತೆ ಬರೆಯುವುದೂ ಸುಲಭವಾಗಿತ್ತು. ಮುಂದೆ ಕಾಗದ ಬಂದಿತು. ಕಾಗದದ ಕಟ್ಟಿಗೂ ಕಡತವೆಂಬ ಹೆಸರೇ ನಿಂತಿತು. 1961ರ ಶಾಸನದಿಂದ ವಂಶಪಾರಂಪರ್ಯದ ಶಾನುಭೋಗಿಕೆ ರದ್ದಾಗಿ, ಗ್ರಾಮಲೆಕ್ಕಿಗನ ಕೈಗೆ ಪುಸ್ತಕ ಬಂದಿತು. 1964ರ ಭೂಕಂದಾಯ ಶಾಸನದ ಪಹಣಿಯನ್ನು ಬರೆದಿಟ್ಟವನು ಈತನೇ.

ಈ ಪಹಣಿಯನ್ನು ಗಣಕಕ್ಕೇರಿಸುವ ಪ್ರಾಯೋಗಿಕ ಯತ್ನ 1991ರಲ್ಲಿ ಗುಲ್ಬರ್ಗದಲ್ಲಿ ನಡೆಯಿತು. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆಯಿತು. ಆದರೆ ದಾಖಲೆಗಳು ದಿನವೂ ಬದಲಾಗುತ್ತಿದ್ದ ತಾಲ್ಲೂಕು ಕಚೇರಿಗೆ ಗಣಕವನ್ನೊದಗಿಸುವ ಏರ್ಪಾಡೇ ಇರಲಿಲ್ಲ. ಕೈಬರಹದ ಪುಸ್ತಕ ಮುಂದೆ ಸಾಗಿತು. ಗಣಕದ ಪ್ರತಿ ಹಿಂದೆ ಉಳಿಯಿತು. ಎರಡು ಆಧಾರಗಳು ಏಕಕಾಲದಲ್ಲಿ ಜೀವಂತವಾಗಿದ್ದರೆ ಯಾವುದು ಸತ್ಯವೆಂದು ಹೇಳುವವರಾರು?

‘ಭೂಮಿ’ ಯೋಜನೆಯ ಹೆಚ್ಚಳವಿರುವುದು ಈ ಪ್ರಶ್ನೆಯನ್ನು ಬಗೆಹರಿಸಿದುದರಲ್ಲಿ. 2001-02ರ ಹೊತ್ತಿಗೆ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕ ಸೇರಿದುವು. ಗಣಕದ ಪ್ರತಿ ಹೊರಟ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಂತೆಯೇ ತೆಗೆದುಕೊಳ್ಳಬೇಕಾಯಿತು. ಅಧಿಕಾರಿಯ ಬೆರಳಗುರುತಿಲ್ಲದೆ ತಿದ್ದುಪಡಿ ಸಾಧ್ಯವಿಲ್ಲದಂತಾಯಿತು. 15 ರೂಪಾಯಿ ಶುಲ್ಕಕ್ಕೆ ರೈತನಿಗೆ ಪ್ರತಿ ದೊರೆಯಿತು.

ಇದೇ ಸಮಸ್ಯೆ ಅನ್ಯತ್ರವೂ ತಲೆದೋರಿದುದನ್ನು ಗಮನಿಸಬಹುದು. ಅನೇಕ ಜಾಲತಾಣಗಳ ಬರಹಗಳನ್ನು ಕಾಪಿಡುವ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸು 2010ರ ಡಿಸೆಂಬರಿನಲ್ಲಿ ಮೈಐಸಾಮ್ ಎಂಬ ಹಳೆಯ ಸ್ಟೋರೇಜ್ ಎಂಜಿನ್ನನ್ನು ಬಿಟ್ಟು ಇನ್ನೋಡಿಬಿಯನ್ನು ವಾಡಿಕೆಯ ಎಂಜಿನ್ನಾಗಿ ಸ್ವೀಕರಿಸಿತು. ಮರುತಿಂಗಳು ಹೊರಬಂದ ಡ್ರೂಪಲ್ 7 ಎಂಬ ಬರಹನಿರ್ವಹಣಾ ವ್ಯವಸ್ಥೆಯೂ ಹೊಸ ಕೋಷ್ಟಕಗಳಿಗೆ ಅದನ್ನೇ ಆಯ್ದುಕೊಂಡಿತು. ಹಳೆಯದರಲ್ಲಿ ಒಬ್ಬನು ತಿದ್ದುವಾಗ ಇಡೀ ಕೋಷ್ಟಕಕ್ಕೆ ಬೀಗ ಬೀಳುತ್ತಿತ್ತು, ಊರಿನ ಪುಸ್ತಕವೆಲ್ಲ ಒಬ್ಬ ಶಾನುಭೋಗನ ಕೈಯಲ್ಲಿದ್ದಂತೆ. ಹೊಸದರಲ್ಲಿ ತಿದ್ದುವ ಸಾಲಿಗೆ ಮಾತ್ರ ಬೀಗ. ಕೆಲಸ ನಡುವೆ ನಿಂತರೆ ಅರೆಬರೆ ತಿದ್ದುಪಡಿ ಉಳಿಯದೆ ಮೊದಲಿನ ಸ್ಥಿತಿ ಮರಳುತ್ತದೆ. ಆದರೆ ವ್ಯವಸ್ಥೆಯನ್ನು ಮೇಲ್ದರ್ಜೆಗೇರಿಸಿದ ಮಾತ್ರಕ್ಕೆ ಹಳೆಯ ಕೋಷ್ಟಕಗಳು ತಾವಾಗಿ ಹೊಸ ಎಂಜಿನ್ನಿಗೆ ಬರಲಿಲ್ಲ. ಅವನ್ನು ಒಂದೊಂದಾಗಿ ಬದಲಾಯಿಸಬೇಕಾಗಿತ್ತು. ಕೆಲವು ಇತ್ತ, ಕೆಲವು ಅತ್ತ ಉಳಿದರೆ, ವಿಫಲವಾದ ತಿದ್ದುಪಡಿಯು ಹೊಸ ಕೋಷ್ಟಕದಿಂದ ಹಿಂತೆಗೆಯಲ್ಪಟ್ಟರೂ ಹಳೆಯದರಲ್ಲಿ ನಿಂತುಬಿಡುತ್ತಿತ್ತು. ಗುಲ್ಬರ್ಗದ ಯತ್ನ ಕಲಿಸಿದ ಪಾಠವೂ ಇದೇ ಅಲ್ಲವೆ?

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಅಪಾಯವಿರುವುದು ಹಳೆಯ ಆಧಾರದಲ್ಲೂ ಅಲ್ಲ, ಹೊಸದರಲ್ಲೂ ಅಲ್ಲ. ಎರಡರ ನಡುವೆ ಅರೆದಾರಿಯಲ್ಲಿ ನಿಲ್ಲುವುದರಲ್ಲಿ. ಇನ್ನೊಂದು ಮಿತಿಯನ್ನೂ ಮರೆಯಬಾರದು. ಆಧಾರವನ್ನು ಬದಲಾಯಿಸುವುದರಿಂದ ಬರಹ ತಾನಾಗಿ ಶುದ್ಧವಾಗದು. ಹಿಂದಿನ ಪುಸ್ತಕದಲ್ಲಿ ಸತ್ತವನ ಹೆಸರಿದ್ದರೆ, ತಪ್ಪಿಲ್ಲದೆ ನಕಲಾದ ಗಣಕದಲ್ಲಿಯೂ ಅದೇ ಹೆಸರಿರುತ್ತದೆ. ಅಚ್ಚಾದ ಅಕ್ಷರವಾದುದರಿಂದ ಅದಕ್ಕೆ ಹೆಚ್ಚಿನ ನಂಬಿಕೆಯೂ ದೊರೆಯುತ್ತದೆ. ಈ ನಾಲ್ಕು ತಾಲ್ಲೂಕುಗಳ ಭೂಚರಿತ್ರೆಯನ್ನು ಬರೆಯುವವರು ಗಣಕದ ಪಹಣಿಯೊಡನೆ ಹಳೆಯ ಪುಸ್ತಕಗಳನ್ನೂ ತೆರೆದು ನೋಡಬೇಕು. ದಾಖಲೆ ಕೊಠಡಿಗಳೂ ಮಾನ್ಯತೆ ಕಳೆದುಕೊಂಡ ಆ ಪುಸ್ತಕಗಳನ್ನು ಕಾಪಾಡಬೇಕು.